ಅಮ್ಮನ ಆಕ್ಸಿಜನ್ ವಿಡಿಯೊ: ಇರಲಾ, ತೆಗೀಲಾ?

ತೀರ್ಥಹಳ್ಳಿ_ಮಳೆ
ವಿಷಯ ಇಷ್ಟು. ಅಮ್ಮನಿಗೆ ಸಿಒಪಿಡಿ, ಅಂದ್ರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟೋ ದೀರ್ಘಕಾಲದ ಕಾಯಿಲೆ. ಬೀಡಿ ಸಿಗರೇಟು ಮುಟ್ಟಿದವರಲ್ಲ. ಅಡುಗೆ ಒಲೆ, ಅಡಿಕೆ ಬೇಯಿಸೋ ಒಲೆ, ಬಚ್ಚಲ ಹಂಡೆ, ಈ ಮೂರರ ಹೊಗೆಯಲ್ಲೇ ಆಯಸ್ಸು ಕಳೆದವರು. ಈಗ ಮನೆಯಲ್ಲಿ ಕಾನ್ಸಂಟ್ರೇಟರ್ ಇದೆ, ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡೋ ಮೆಷಿನ್. ಅವರ ದಿನ ಹೇಗೆ ಸಾಗತ್ತೆ ಅಂತ ಮೊಬೈಲಲ್ಲಿ ಚಿಕ್ಕ ಚಿಕ್ಕ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕ್ತಿದೀನಿ. ಮಾತೆಲ್ಲ ಅವರದೇ. ಒಂದರಲ್ಲಿ ಮೂಗಿಗೆ ನಳಿಗೆ ಹಾಕ್ಕೊಂಡೇ ದೇವರ ದೀಪ ಹಚ್ತಾರೆ. ಜನ ಸಿಕ್ಕಾಪಟ್ಟೆ ಶೇರ್ ಮಾಡಿದ್ದು ಅದನ್ನೇ. ಈಗ ಅದರ ಕೆಳಗೆ ಡಾಕ್ಟರೊಬ್ಬರು ‘ದಯವಿಟ್ಟು ತೆಗೆಯಿರಿ’ ಅಂತ ಬರೆದಿದ್ದಾರೆ. ತಂಗಿಗೆ ಚಾನೆಲ್ಲೇ ಬೇಡ. ಅಮ್ಮನಿಗೆ ಬೇಕು. ನೀವೇನಂತೀರಿ?

ಕರಾವಳಿ_ಕಾಗೆ
ತಂಗಿ ಹೇಳಿದ್ದೇ ಸರಿ. ವಯಸ್ಸಾದವರು ಏದುಸಿರು ಬಿಡೋದನ್ನ ತೋರಿಸಿದ್ರೆ ಜನ ಕೈ ಮುಗಿಯೋ ಇಮೋಜಿ ಒತ್ತಿ ಮುಂದೆ ಹೋಗ್ತಾರೆ. ನಿಮ್ಮ ಆ ವಿಡಿಯೊದ ಕಾಮೆಂಟೆಲ್ಲ ಓದಿದೆ ಮಾರಾಯ್ರೆ. ‘ಅಮ್ಮ ದೇವರು’ ಅಂತ ಒಂದು ರಾಶಿ. ನಡುನಡುವೆ ‘ಶ್ವಾಸಕೋಶ ಪೂರ್ತಿ ಕ್ಲೀನ್, ವಾಟ್ಸಾಪ್ ಮಾಡಿ’ ಅಂತ ನಂಬರು. ಇದ್ಯಾವ ಕಾಯಿಲೆ, ಯಾಕೆ ಬಂತು ಅಂತ ಕೇಳಿದವರು ಒಬ್ಬರೂ ಕಾಣಲಿಲ್ಲ. ಇದಕ್ಕೆ ಜಾಗೃತಿ ಅಂತ ಯಾಕೆ ಹೆಸರಿಡಬೇಕು?

ಒಲೆಮುಂದೆ
ಕಾಮೆಂಟ್ ಹಾಕದೆ ನೋಡಿದವರ ಲೆಕ್ಕ ನಿಮಗೆ ಹೇಗೆ ಸಿಗತ್ತೆ? ನಾನು ಆ ಪೈಕಿ. ನಾಲ್ಕು ಮೆಟ್ಟಿಲು ಹತ್ತಿದ್ರೆ ಉಸಿರು ಸಿಕ್ತಿರಲಿಲ್ಲ. ಒಬ್ಬರು ವಯಸ್ಸು ಅಂದ್ರು, ಒಬ್ಬರು ತೂಕ, ಇನ್ನೊಬ್ಬರು ರಕ್ತ ಕಡಿಮೆ. ಕೆಮ್ಮಿನ ಸಿರಪ್ಪಿನ ಬಾಟ್ಲಿ ಖಾಲಿಯಾದ ಹಾಗೆಲ್ಲ ಹೊಸದು ಬರ್ತಿತ್ತು, ಅಷ್ಟೆ.

ಇವರಮ್ಮ ಬಟ್ಟೆ ಒಣಹಾಕೋ ವಿಡಿಯೊ ಒಂದಿದೆ, ದೀಪದ್ದರಷ್ಟು ಓಡಿಲ್ಲ. ಸೀರೆ ಎತ್ತಿ ತಂತಿಗೆ ಹಾಕೋವಾಗ ಅರ್ಧಕ್ಕೇ ನಿಂತ್ಬಿಡ್ತಾರೆ. ಒಂದು ಕೈಯಲ್ಲಿ ತಂತಿ ಹಿಡ್ಕೊಂಡು, ತುಟಿ ಚೂಪು ಮಾಡಿ, ನಿಧಾನಕ್ಕೆ ಊದ್ತಾರೆ. ಆಮೇಲೆ ಉಳಿದರ್ಧ ಸೀರೆ. ನನಗೂ ಕೈ ಮೇಲೆತ್ತೋ ಕೆಲಸದಲ್ಲೇ ಉಸಿರು ಕಟ್ತಿತ್ತು. ಅಟ್ಟದಿಂದ ಡಬ್ಬ ಇಳಿಸೋದು, ತಲೆ ಬಾಚೋದು. ಅದನ್ನ ಡಾಕ್ಟರಿಗೆ ಹೇಳಬೇಕು ಅಂತಾನೇ ಹೊಳೆದಿರಲಿಲ್ಲ. ಆಸ್ಪತ್ರೆ ಗೋಡೆ ಮೇಲಿನ ಪೋಸ್ಟರಲ್ಲಿ ಕರ್ರಗಿನ ಶ್ವಾಸಕೋಶ, ಪಕ್ಕದಲ್ಲಿ ಸಿಗರೇಟು. ಇದು ಗಂಡಸರ ಕಾಯಿಲೆ ಅಂತ ಎಷ್ಟೋ ಸಲ ಅದರ ಮುಂದೇನೇ ದಾಟಿ ಹೋಗಿದೀನಿ. ವಿಡಿಯೊ ನೋಡಿದ ಮೇಲೆ ಹಟ ಹಿಡಿದು ಊದೋ ಟೆಸ್ಟ್ ಮಾಡಿಸ್ಕೊಂಡೆ. ಸಿಒಪಿಡಿನೇ.

ಎದೆಗೂಡು_ಹಾಸನ
ನಾನು ಶ್ವಾಸಕೋಶ ವಿಭಾಗದ ವೈದ್ಯ. ಆ ಕಾಮೆಂಟ್ ಬರೆದದ್ದು ನಾನಲ್ಲ, ಆದರೆ ಬರೆದವರ ಮಾತು ಸರಿ. ಆಕ್ಸಿಜನ್ ತಾನು ಉರಿಯುವುದಿಲ್ಲ, ಉರಿಯುವುದನ್ನು ಭುಗಿಲೆಬ್ಬಿಸುತ್ತದೆ. ಸೆರಗಿನಲ್ಲಿ, ಕೂದಲಲ್ಲಿ ಸೇರಿಕೊಂಡಿರುತ್ತದೆ. ಕಿಡಿ ತಾಗಿದರೆ ಮೊದಲು ಸುಡುವುದು ಮುಖ. ದೀಪ, ಒಲೆ, ಊದಿನಕಡ್ಡಿಯಿಂದ ಹತ್ತಡಿಯಾದರೂ ದೂರ ಇರಬೇಕು. ಮೂಗು ಒಣಗುತ್ತದೆ ಎಂದು ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚುವುದೂ ಬೇಡ, ನೀರಿನಂಶದ ಜೆಲ್ ಸಿಗುತ್ತದೆ.

ದೀಪಕ್ಕಿಂತ ನನಗೆ ಹೆಚ್ಚು ಗಾಬರಿಯಾದದ್ದು ಬೇರೊಂದು ವಿಡಿಯೊ. ‘ಆಯಾಸ ಜಾಸ್ತಿ ಆದ್ರೆ ನಾನೇ ತಿರುಗಿಸಿ ಏರಿಸ್ಕೋತೀನಿ’ ಎನ್ನುತ್ತಾರೆ. ಸಿಒಪಿಡಿ ಇರುವ ಕೆಲವರಿಗೆ ಆಕ್ಸಿಜನ್ ಅತಿಯಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಹತ್ತುತ್ತದೆ, ಎಚ್ಚರವೇ ತಪ್ಪಬಹುದು. ಅದಕ್ಕೇ ಇಂಥವರಿಗೆ ಬೆರಳಿನ ಮಾಪಕದಲ್ಲಿ ಆಕ್ಸಿಜನ್ ಮಟ್ಟ ಶೇಕಡ 88ರಿಂದ 92 ಇದ್ದರೆ ಸಾಕು ಎನ್ನುವುದು. ಕೋವಿಡ್ ಕಾಲದಲ್ಲಿ ಎಲ್ಲರ ತಲೆಯಲ್ಲಿ 94 ಕೂತಿದೆ. 90 ಕಂಡೊಡನೆ ಮನೆಯವರು ಗುಂಡಿ ತಿರುಗಿಸುತ್ತಾರೆ. ವೈದ್ಯರ ಕಣ್ಣಿಗೆ ಬೀಳದೆ ರೋಗಿಗಳ ವಿಡಿಯೊ ಹೊರಗೆ ಹೋಗಬಾರದು ಎನ್ನುವುದು ನನ್ನ ಪಟ್ಟು.

ಧಾರವಾಡ_ಫೇಡೆ
ಡಾಕ್ಟರ್ ಸಾಹೇಬ್ರ, ನೀವು ಹೇಳೂದು ಖರೆ. ಆದ್ರ ಒಂದ್ ಮಾತು ಕೇಳ್ರಿ. ನಮ್ಮ ಅಪ್ಪಾರು ಜಿನ್ನಿಂಗ್ ಮಿಲ್ಲಿನ್ಯಾಗ ದುಡದಾವ್ರು, ಮ್ಯಾಲೆ ಬೀಡಿ ಚಟಾನೂ ಇತ್ತು. ದಮ್ಮು ಹತ್ತೂದು. ದವಾಖಾನ್ಯಾಗ ಸೇದೂ ಪುಡಿ ಕ್ಯಾಪ್ಸೂಲ್ ಬರದಕೊಟ್ರು. ನಮ್ಮಪ್ಪಾರು ಅದನ್ನ ದಿನಾ ನೀರು ಕುಡದು ನುಂಗಾಕ ಹತ್ತಿದ್ರು! ಅದನ್ನ ಹಾಕಿ ಸೇದೂ ಡಬ್ಬಿ ಮಮ್ಮಗನ ಆಟಗಿ ಸಾಮಾನದಾಗ ಬಿದ್ದಿತ್ತು. ‘ಈ ಔಷಧ ಹತ್ತಂಗಿಲ್ಲ’ ಅಂತ ಮೃಗಶಿರಾಕ್ಕ ಹೈದ್ರಾಬಾದಿಗೆ ಹೋಗಿ ಮೀನಿನ ಔಷಧ ಸೈತ ನುಂಗಿ ಬಂದ್ರು. ಕಡೀಕ ಒಬ್ರು ಪೇಶಂಟು ತಮ್ಮ ಮನಿಯಾಗ ಕುಂತು ಮಾಡಿದ ವಿಡಿಯೊ ನೋಡಿ ಗೊತ್ತಾತು, ಅದನ್ನ ಡಬ್ಬ್ಯಾಗ ಹಾಕಿ, ತಿರುವಿ, ಜೋರಾಗಿ ಒಳಗ ಎಳಕೋಬೇಕಂತ.

ಡಾಕ್ಟರ್ ಹೇಳಿರ್ಲಿಕ್ಕಿಲ್ಲ ಅಂತಲ್ಲ. ಹೇಳ್ಯಾರ. ಹೊರಗ ಐವತ್ತು ಮಂದಿ ಪಾಳಿ ಹಚ್ಚಿದಾಗ ಹೇಳಿದ್ದು ಯಾರ ತಲಿಯಾಗ ಉಳಿತದ್ರೀ? ವಿಡಿಯೊ ಆದ್ರ ಮತ್ತ ಮತ್ತ ನೋಡಬಹುದು.

ಎದೆಗೂಡು_ಹಾಸನ
ನುಂಗುವವರನ್ನು ನಾವೂ ಓಪಿಡಿಯಲ್ಲಿ ನೋಡುತ್ತೇವೆ, ಅಪರೂಪವೇನಲ್ಲ. ಆದರೆ ಅದೇ ವಿಡಿಯೊ ನೋಡಿ, ಒತ್ತುವ ಪಂಪ್ ಇನ್ಹೇಲರನ್ನೂ ಹಾಗೇ ಜೋರಾಗಿ ಎಳೆದವರಿದ್ದಾರೆ. ಪುಡಿಯನ್ನು ಜೋರಾಗಿ ಎಳೆಯಬೇಕು. ಪಂಪನ್ನು ಒತ್ತುತ್ತಾ ನಿಧಾನಕ್ಕೆ ಎಳೆದು, ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಒಬ್ಬರ ಔಷಧ ಇನ್ನೊಬ್ಬರದಲ್ಲ ಎಂಬ ಮಾತು ಎಷ್ಟು ವಿಡಿಯೊಗಳಲ್ಲಿ ಬರುತ್ತದೆ?

ಪಿಎಚ್‌ಸಿ_ಡ್ಯೂಟಿ
ನಾನು ಆಶಾ ಕಾರ್ಯಕರ್ತೆ. ನೀವೆಲ್ಲ ವಿಡಿಯೊ ಹೇಗಿರಬೇಕು ಅಂತ ಜಗಳ ಆಡ್ತಿದೀರಿ. ನೋಡಿ ಬಂದವರನ್ನ ನಾನೆಲ್ಲಿಗೆ ಕಳಿಸ್ಲಿ, ಹೇಳಿ. ಮನೆ ಮನೆ ಸರ್ವೆಗೆ ಹೋದಾಗ ನಮ್ಮ ಫಾರಮ್ಮಲ್ಲಿ ‘ಅಡುಗೆಗೆ ಯಾವ ಇಂಧನ’ ಅಂತ ಕಲಂ ಇದೆ, ‘ಉಸಿರಾಟದ ತೊಂದರೆ’ ಅಂತಾನೂ ಇದೆ. ಸೌದೆಗೆ ಟಿಕ್, ತೊಂದರೆಗೆ ಟಿಕ್. ಆಮೇಲೆ? ಬಿಪಿ ನೋಡೋಕೆ ಮೆಷಿನ್ ಇದೆ, ಶುಗರ್ ನೋಡೋಕೆ ಸ್ಟ್ರಿಪ್ ಇದೆ. ಊದೋ ಮೆಷಿನ್ ನಮ್ಮ ಪಿಎಚ್‌ಸಿಯಲ್ಲಿಲ್ಲ. ಕೆಮ್ಮು ಅಂದ ಕೂಡಲೇ ಕಫ ಟಿಬಿ ಪರೀಕ್ಷೆಗೆ ಹೋಗತ್ತೆ. ನೆಗೆಟಿವ್ ಬಂದ್ರೆ ಎಲ್ಲರೂ ‘ಸದ್ಯ, ಏನಿಲ್ಲ’ ಅಂತ ಮನೆಗೆ ಹೋಗ್ತಾರೆ. ಏನಿಲ್ಲದಿದ್ರೆ ಆಯಮ್ಮ ಬಾವಿಯಿಂದ ಮನೆಗೆ ಬರೋದ್ರೊಳಗೆ ಮೂರು ಸಲ ಯಾಕೆ ಕೂರ್ತಾಳೆ?

ಎದೆಗೂಡು_ಹಾಸನ
ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಸ್ಪೈರೊಮೆಟ್ರಿ, ಅಂದರೆ ಈ ಊದುವ ಟೆಸ್ಟ್, ದೊಡ್ಡ ಪರೀಕ್ಷೆಯೇನಲ್ಲ. ಎದೆ ತುಂಬ ಉಸಿರೆಳೆದು, ಒಂದೇ ದಮ್ಮಿಗೆ ಕೊನೆಯ ತನಕ ಊದಬೇಕು, ಆರು ಸೆಕೆಂಡಾದರೂ. ಔಷಧ ಸೇದಿಸಿದ ಮೇಲೂ, ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ 70 ಶೇಕಡಕ್ಕಿಂತ ಕಡಿಮೆಯಿದ್ದರೆ ಶ್ವಾಸನಾಳ ಕಿರಿದಾಗಿದೆ ಎಂದರ್ಥ. ರೋಗಿಗೆ ಹುರಿದುಂಬಿಸಿ ಸರಿಯಾಗಿ ಊದಿಸುವ ತಂತ್ರಜ್ಞರು ಬೇಕು, ಕೊರತೆ ಅಲ್ಲೇ ಹೆಚ್ಚು.

ಹೊಗೆಯ ವಿಷಯದಲ್ಲಿ ‘ಒಲೆಮುಂದೆ’ಯವರ ಮಾತಿಗೆ ಲೆಕ್ಕದ ಬೆಂಬಲ ಇದೆ. 2016ರ ಅಂದಾಜಿನಂತೆ ದೇಶದಲ್ಲಿ ಸುಮಾರು 5.5 ಕೋಟಿ ಜನರಿಗೆ ಸಿಒಪಿಡಿ. ಅದರ ಹೊರೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕಲುಷಿತ ಗಾಳಿಯದು, ಮನೆಯೊಳಗಿನ ಹೊಗೆಯೂ ಇದರಲ್ಲಿ ಸೇರಿದೆ. ತಂಬಾಕಿನ ಪಾಲು ಕಾಲು ಭಾಗದಷ್ಟು. ನಮ್ಮ ಪೋಸ್ಟರುಗಳು ಮಾತ್ರ ಇನ್ನೂ ಸಿಗರೇಟು ಬಿಟ್ಟು ಆಚೆ ಬಂದಿಲ್ಲ.

ಕರಾವಳಿ_ಕಾಗೆ
ತಂಗಿ ಯಾಕೆ ಬೇಡ ಅಂದಳು ಅಂತ ಯಾರಾದ್ರೂ ಕೇಳಿದ್ರಾ? ಅವಳ ಮುಖವೂ ವಿಡಿಯೊದಲ್ಲಿ ಬರತ್ತೆ, ಮನೆ ಬಾಗಿಲೂ ಬರತ್ತೆ. ಊರಲ್ಲಿ ಕೆಮ್ಮು ಅಂದ್ರೆ ಈಗಲೂ ಕ್ಷಯ ಅಂತಾನೇ ಲೆಕ್ಕ. ನಾಳೆ ಸಂಬಂಧ ನೋಡೋಕೆ ಬಂದವರು ‘ಆ ವಿಡಿಯೊದ ಮನೆಯಲ್ವಾ’ ಅಂದ್ರೆ ಅಣ್ಣನ ವ್ಯೂಸ್ ಕೆಲಸಕ್ಕೆ ಬರತ್ತಾ?

ತೀರ್ಥಹಳ್ಳಿ_ಮಳೆ
ಅವಳ ಮಾತು ಅದೇ. ಅವಳಿರೋ ಭಾಗ ಎಲ್ಲ ಕತ್ತರಿಸ್ತೀನಿ, ಅದರಲ್ಲಿ ಚರ್ಚೆ ಇಲ್ಲ. ಇದು ಅಂಟೋ ಕಾಯಿಲೆ ಅಲ್ಲ ಅಂತ ಅಮ್ಮನ ಬಾಯಲ್ಲೇ ಹೇಳಿಸಿ ಎಲ್ಲದರ ಶುರುವಿಗೂ ಹಾಕ್ತೀನಿ. ಗುಂಡಿ ತಿರುಗಿಸೋ ವಿಡಿಯೊ ಈಗಷ್ಟೇ ತೆಗೆದೆ.

ದೀಪದ್ದು ಬೇರೆ ಥರ ಮಾಡೋಣ ಅಂತಿದೀನಿ. ಅದು ಈಗಾಗಲೇ ಯಾರ್ಯಾರದೋ ವಾಟ್ಸಾಪಿನಲ್ಲಿ ಓಡಾಡ್ತಿದೆ. ನಾನು ಅಳಿಸಿದ್ರೂ ಓಡಾಡತ್ತೆ. ನನ್ನದನ್ನ ತೆಗೆದು, ಅದರ ಜಾಗಕ್ಕೆ ‘ಹೀಗೆ ಮಾಡಬೇಡಿ’ ಅಂತ ಅಮ್ಮನೇ ಹೇಳೋದನ್ನ ಹಾಕಿದ್ರೆ?

ಅಮ್ಮನಿಗೆ ಅವರದೇ ಒಂದು ಪಟ್ಟಿ ಇದೆ. ಮೊದಲನೇದು ಬಚ್ಚಲ ಒಲೆ. ಅಡುಗೆಗೆ ಎಲ್ಲರ ಮನೇಲೂ ಗ್ಯಾಸ್ ಬಂತು, ಸ್ನಾನದ ನೀರಿಗೆ ಮಾತ್ರ ಅದೇ ಹಂಡೆ, ಅದೇ ಹಸಿ ಸೌದೆ. ‘ಸೊಸೆಯಂದಿರು ಈಗಲೂ ಊದುಕೊಳವೆ ಹಿಡಿದು ಕೂತಿರ್ತಾರೆ, ಅವರಿಗೆ ಹೇಳಬೇಕು’ ಅಂತಾರೆ. ಎರಡನೇದು ಕರೆಂಟ್ ಬಿಲ್. ಮೆಷಿನ್ ಸುಮಾರು 300 ವ್ಯಾಟ್ ಎಳೆಯತ್ತೆ, ದಿನಕ್ಕೆ 15 ಗಂಟೆಯಾದ್ರೂ ಹಾಕ್ಕೋಬೇಕು ಅಂದಿದ್ದಾರೆ. ತಿಂಗಳಿಗೆ 135 ಯೂನಿಟ್ ಅದೊಂದಕ್ಕೇ. ಗೃಹಜ್ಯೋತಿಯಲ್ಲಿ ಉಚಿತ ಕರೆಂಟ್ ಹಿಂದಿನ ಸರಾಸರಿ ನೋಡಿ ಒಂದಿಷ್ಟು ಸೇರಿಸಿ ಕೊಡೋದು. ಮೆಷಿನ್ ಬರೋಕೆ ಮುಂಚಿನ ಸರಾಸರಿ ಅದು. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಸಿಲಿಂಡರಿನ ಖರ್ಚು ಬೇರೆ. ಇದನ್ನ ಯಾವ ಪೋಸ್ಟರಲ್ಲಿ ಬರೀತಾರೆ?

ಪಿಎಚ್‌ಸಿ_ಡ್ಯೂಟಿ
ಬಚ್ಚಲೊಲೆದು ಮಾಡಿ. ತಾಯಂದಿರ ಸಭೆಯಲ್ಲಿ ನಾನೇ ಹಾಕಿ ತೋರಿಸ್ತೀನಿ. ನವೆಂಬರ್ ಮೂರನೇ ಬುಧವಾರ ಸಿಒಪಿಡಿ ದಿನ ಅಂತ ಕಾರ್ಯಕ್ರಮ ಮಾಡಿದ್ರೆ, ಊದೋ ಮೆಷಿನ್ ಒಂದು ದಿನಕ್ಕಾದ್ರೂ ತರಿಸೋಕಾಗತ್ತಾ ಡಾಕ್ಟ್ರೇ?

ಎದೆಗೂಡು_ಹಾಸನ
ಪ್ರಯತ್ನಿಸಬಹುದು. ಮೆಡಿಕಲ್ ಕಾಲೇಜಿನವರು ಕ್ಯಾಂಪಿಗೆ ತರುವುದುಂಟು, ಪಿಎಚ್‌ಸಿಯಿಂದ ಒಂದು ಪತ್ರ ಬರಲಿ. ವಿಡಿಯೊ ಹಾಕುವ ಮೊದಲು ನನಗೆ ಕಳಿಸಿದರೆ ವಾರಕ್ಕೊಮ್ಮೆ ನೋಡುತ್ತೇನೆ. ಅದಕ್ಕಿಂತ ಹೆಚ್ಚು ನನ್ನಿಂದಾಗದು.

ಧಾರವಾಡ_ಫೇಡೆ
ಪುಡಿ ಒಂದು, ಪಂಪ್ ಒಂದು, ಎರಡೂ ಬ್ಯಾರೆ ಬ್ಯಾರೆ ವಿಡಿಯೊ ಮಾಡ್ರಿ. ನಮ್ಮ ಕಡೆ ಮಾತಿನ್ಯಾಗ ಹೇಳಾಕ ನಮ್ಮ ಅಪ್ಪಾರು ತಯಾರ್ ಅದಾರ. ನುಂಗಿದ್ದನ್ನೂ ಹೇಳ್ತಾರಂತ, ನಾಚಿಕಿ ಇಲ್ಲ ಅವರಿಗೆ.

ಕರಾವಳಿ_ಕಾಗೆ
ಸರಿ, ಡಾಕ್ಟರು ನೋಡೋದು ವಾರಕ್ಕೊಮ್ಮೆ. ‘ಪೂರ್ತಿ ಕ್ಲೀನ್’ ಮಾಡೋರು ಬರೋದು ದಿನಾ. ಕಾಮೆಂಟ್ ಬಂದ್ ಮಾಡಿ ಅಂತೀನಿ ನಾನು.

ತೀರ್ಥಹಳ್ಳಿ_ಮಳೆ
ಬಂದ್ ಮಾಡಿದ್ರೆ ಪ್ರಶ್ನೆ ಕೇಳೋರು ಎಲ್ಲಿ ಕೇಳ್ತಾರೆ? ಆದ್ರೆ ನನಗೆ ದಿನಾ ಕೂತು ಅಳಿಸೋಕೆ ಆಗ್ತಿಲ್ಲ, ಅದು ನಿಜ. ಯಾರಾದ್ರೂ ಜೊತೆಗೆ ನಿಂತರೆ ಹೇಳಿ.

ಒಲೆಮುಂದೆ
ನನಗೆ ಕೊಡಿ. ಬೆಳಗಿನ ಜಾವ ನಾಲ್ಕಕ್ಕೆ ಕೆಮ್ಮು ಎಬ್ಬಿಸೇ ಎಬ್ಬಿಸತ್ತೆ, ಆಮೇಲೆ ನಿದ್ದೆ ಇಲ್ಲ. ನಂಬರ್ ಹಾಕಿದ್ದೆಲ್ಲ ಆಗ ಅಳಿಸ್ತೀನಿ. ಎಲ್ಲಿ ಒತ್ತಬೇಕು ಅಂತ ಒಂದು ವಿಡಿಯೊ ಮಾಡಿ ಕಳಿಸಿ.