ನೆಲಜೇನು, ನೆಲದುಂಬಿ, ಒಂಟಿಜೇನು: ಯಾವುದು ಸರಿ?

ಪ್ರಶ್ನೆ: ಬಳಗಕ್ಕೆ ನಮಸ್ಕಾರ. ರೈತರಿಗೆ ಹಂಚುವ ಕಿರುಹೊತ್ತಗೆಯೊಂದಕ್ಕೆ ಪದ ಬೇಕಾಗಿದೆ. ಎರಿ ಕಟ್ಟದೆ, ಒಂದೊಂದು ಹೆಣ್ಣೂ ತಾನೇ ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಕಾಡುಜೇನುಗಳ ಬಗ್ಗೆ ಅದು. ಕರಡಿನಲ್ಲಿ ಮೇಲಿನ ಮೂರೂ ಪದಗಳಿವೆ. ಅವುಗಳಿಗಾಗಿ ಹೊಲದಂಚಿನಲ್ಲಿ ಬೆಳೆಸುವ ಹೂವಿಗೆ 'ಹೂಪಟ್ಟಿ', ಬಿಲಕ್ಕೆಂದು ಬಿಡುವ ಜಾಗಕ್ಕೆ 'ಬರಡುನೆಲ' ಎಂದಿದೆ. ಇವು ನಡೆದಾವೆ?

ಉತ್ತರ 1: 'ನೆಲದುಂಬಿ'ಯನ್ನು ದಯವಿಟ್ಟು ಕೈಬಿಡಿ. ಕಾವ್ಯದಲ್ಲಿ ದುಂಬಿ ಹೂವಿಗೆರಗುವ ಭ್ರಮರ, ನಿಜ. ಕೃಷಿ ಕರಪತ್ರಗಳಲ್ಲಿ ಮಾತ್ರ ಅದು ಗಟ್ಟಿರೆಕ್ಕೆಯ ಕೀಟ. ತೆಂಗಿನ ಸುಳಿ ಕೊರೆಯುವುದು ದುಂಬಿ, ಬೇರು ತಿನ್ನುವ ಗೊಣ್ಣೆಹುಳು ಬೆಳೆದು ಮೊದಲ ಮಳೆಗೆ ನೆಲದಿಂದೇಳುವುದೂ ದುಂಬಿ. ಅದನ್ನು ಬೇವಿನ ಮರದಿಂದ ಉದುರಿಸಿ ಕೊಲ್ಲಿರೆಂದು ಹೇಳಿಸಿಕೊಂಡ ರೈತರಿಗೆ 'ನೆಲದುಂಬಿ ಉಳಿಸಿ' ಎಂದರೆ ಗೊಣ್ಣೆಹುಳು ಸಾಕಿ ಎಂದ ಹಾಗಾಗುತ್ತದೆ.

'ನೆಲಜೇನು' ಕಿವಿಗೆ ಹಿತ. ಆದರೆ ಜೇನು ಎಂದರೆ ಹುಳವೂ ಹೌದು, ತುಪ್ಪವೂ ಹೌದು. ಹಾಳುಹುತ್ತದೊಳಗೆ ತುಡುವೆ (ಪೆಟ್ಟಿಗೆಯಲ್ಲೂ ಸಾಕುವ ತುಪ್ಪದ ಜೇನು) ಎರಿ ಕಟ್ಟುವುದುಂಟು, ಹಾಗಾಗಿ ಈ ಪದ ಓದಿದವರು ತುಪ್ಪಕ್ಕೆಂದು ಬದು ಅಗೆದಾರು. ನೀವು ಹೇಳುವ ಕಾಡುಜೇನುಗಳ ಬಿಲದಲ್ಲಿರುವುದು ಪುಟ್ಟ ಕೋಣೆಗಳು. ಒಂದೊಂದರಲ್ಲೂ ಪರಾಗ, ಮಕರಂದ ಕಲಸಿದ ಮುದ್ದೆ, ಅದರ ಜೊತೆ ಒಂದು ಮೊಟ್ಟೆ, ಅಷ್ಟೇ. 'ಒಂಟಿಜೇನು'ವಿನದು ಬೇರೆ ತೊಡಕು. ಹತ್ತಾರು ಹೆಣ್ಣುಗಳು ಒಂದೇ ಬದುವಿನಲ್ಲಿ ಒತ್ತೊತ್ತಾಗಿ ಬಿಲ ತೋಡುತ್ತವೆ. ಕಣ್ಣಾರೆ ಕಂಡವರು ಅದನ್ನು ಒಂಟಿ ಎನ್ನಲಾರರು.

ನನ್ನ ಆಯ್ಕೆ 'ಬಿಲಜೇನುಹುಳ'. ಹುಳ ಸೇರಿದೊಡನೆ ತುಪ್ಪದ ಅರ್ಥ ಹಿಂದೆ ಸರಿಯುತ್ತದೆ. ಬಿಲ ಎಂದದ್ದರಿಂದ ಹುಡುಕಬೇಕಾದ್ದೂ ತಿಳಿಯುತ್ತದೆ: ಪೆನ್ಸಿಲ್ ತೂರುವಷ್ಟು ಅಥವಾ ಅದಕ್ಕಿಂತ ಸಣ್ಣ ತೂತು, ಸುತ್ತ ಪುಡಿಮಣ್ಣಿನ ಗುಪ್ಪೆ.

'ಬರಡು' ಎಂದರೆ ಜನ ಚೌಳುನೆಲವನ್ನೋ ನೀರು ನಿಲ್ಲುವ ಮೂಲೆಯನ್ನೋ ಬಿಟ್ಟುಕೊಡುತ್ತಾರೆ. ನೀರು ನಿಂತರೆ ಕೋಣೆಯೊಳಗಿನ ಮುದ್ದೆಗೆ ಬೂಸು ಹಿಡಿದು ಮರಿ ಸಾಯುತ್ತದೆ. 'ಬೀಳು' ಎಂದರೆ ಕಳೆ ಮುಚ್ಚಿದ ನೆಲ. 'ಬೋಳುನೆಲ' ಎನ್ನಿ, ಪಕ್ಕದಲ್ಲೇ ವಿವರ ಕೊಡಿ: ಬೆಳಗಿನ ಬಿಸಿಲು ಬೀಳುವ, ಮರಳು ಬೆರೆತ ಕೆಂಪುಮಣ್ಣಿನ ಇಳಿಜಾರು, ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲವಿದ್ದರೂ ಸಾಕು. ಕಳೆಯನ್ನು ಬುಡಕ್ಕೆ ಕತ್ತರಿಸಬೇಕು, ಕೀಳಬಾರದು. ಮರಿಕೋಣೆಗಳು ಎಷ್ಟೋ ಸಲ ಒಂದು ಗೇಣು ಆಳದಲ್ಲೇ ಇರುವುದರಿಂದ ಅಲ್ಲಿ ನೇಗಿಲು, ರೋಟವೇಟರ್ ಆಡಬಾರದು. ಪ್ಲಾಸ್ಟಿಕ್ ಹೊದಿಕೆ, ದಪ್ಪ ತರಗು ಎರಡೂ ಬೇಡ. ಸಣ್ಣ ಜಾತಿಗಳು ದೂರ ಹಾರಲಾರವು. ಹೂವು 200 ಮೀಟರ್ ಒಳಗಿದ್ದರೆ ಒಳ್ಳೆಯದು.

ಉತ್ತರ 2: ಮೇಲಿನದಕ್ಕೆ ನನ್ನ ಒಪ್ಪಿಗೆಯಿದೆ. 'ಹೂಪಟ್ಟಿ'ಯನ್ನು ಹೂವಿನ ಹೆಸರುಗಳ ಯಾದಿ ಎಂದು ಓದುವವರೇ ಹೆಚ್ಚು. 'ಹೂಸಾಲು' ಎಂದರೂ ಎಚ್ಚರ ಬೇಕು: ಟೊಮೆಟೊದ 16 ಸಾಲಿಗೆ ಒಂದರಂತೆ ಹಾಕುವ ಚೆಂಡುಹೂವು ಕಾಯಿಕೊರಕ ಹುಳುವನ್ನು ತನ್ನತ್ತ ಸೆಳೆಯಲೆಂದು ಒಡ್ಡುವ ಬಲೆಬೆಳೆ. ನಮ್ಮ ಹೂವನ್ನೂ ಅದೇ ಎಂದುಕೊಂಡರೆ ಔಷಧಿ ಹೊಡೆದುಬಿಡುತ್ತಾರೆ.

ರಾಗಿಸೀಮೆಯಲ್ಲಿ 'ಅಕ್ಕಡಿ' ಎಂಬ ಪದ ಜೀವಂತವಾಗಿದೆ. ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಹಾಕುವ ಸಾಲು ಅದು. 'ಹೂವಿನ ಅಕ್ಕಡಿ' ಎಂದರೆ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹುಚ್ಚೆಳ್ಳು (ಉತ್ತರ ಕರ್ನಾಟಕದವರಿಗೆ ಗುರೆಳ್ಳು ಎಂದೂ ಬರೆಯಿರಿ) ಇದಕ್ಕೆ ಹೇಳಿಮಾಡಿಸಿದ್ದು, ಏಕೆಂದರೆ ತನ್ನದೇ ಪರಾಗದಿಂದ ಅದು ಕಾಳು ಕಟ್ಟುವುದು ತೀರ ಕಡಿಮೆ, ಹುಳ ಬಂದು ಬೇರೆ ಗಿಡದ ಪರಾಗ ತರಬೇಕು. ಮೂರಡಿ ಅಗಲ, ನೂರಡಿ ಉದ್ದದ ಸಾಲಿಗೆ 15 ಗ್ರಾಂ ಬೀಜ ಸಾಕು. ಮರಳಿನಲ್ಲಿ ಬೆರೆಸಿ ಎರಚಿ. ಅರ್ಧ ಸಾಲನ್ನು 15 ದಿನ ತಡೆದು ಬಿತ್ತಿದರೆ ಹೂವು ಒಮ್ಮೆಲೇ ಮುಗಿಯದು. ಇಮಿಡಾಕ್ಲೋಪ್ರಿಡ್ ಕೀಟನಾಶಕ ಲೇಪಿಸಿದ ಬೀಜ ಬೇಡ. ಬದುವಿನ ಮೇಲೆ ಕಾಮಕಸ್ತೂರಿ ಇರಲಿ.

ಬದನೆ ಬೆಳೆಯುವವರಿಗಾಗಿ ಇನ್ನೊಂದು ಮಾತು ಸೇರಿಸಿ. ಬದನೆ ಹೂವಿನಲ್ಲಿ ಮಕರಂದವಿಲ್ಲ. ಪರಾಗವೂ ಕೇಸರದ ತುದಿಯ ತೂತಿನಿಂದಲೇ ಹೊರಬರಬೇಕು, ಹುಳ ಹೂವನ್ನಪ್ಪಿ ಮೈ ನಡುಗಿಸಿದರೆ ಅದು ಚೆನ್ನಾಗಿ ಉದುರುತ್ತದೆ. ತುಡುವೆಗೆ ಆ ವಿದ್ಯೆ ಇಲ್ಲ. ನೀಲಿಪಟ್ಟೆಯ ಬಿಲಜೇನುಹುಳಕ್ಕೆ ಇದೆ. ಅದು ಮಕರಂದಕ್ಕೆ ಅಕ್ಕಡಿಯ ಹೂವನ್ನೇ ನೆಚ್ಚಿಕೊಳ್ಳಬೇಕು. ಈ ಕ್ರಿಯೆಗೆ ಕರಡಿನಲ್ಲಿ 'ಕಂಪನ ಪರಾಗಸ್ಪರ್ಶ' ಎಂದಿದ್ದರೆ ತೆಗೆದು 'ನಡುಗಿಸಿ ಉದುರಿಸುವುದು' ಎಂದೇ ಬರೆಯಿರಿ.