ಅಪ್‌ಡೇಟ್: ಹಾಸನದಲ್ಲಿ ಮಕ್ಕಳು ಕಂಬಳಿ ಹಂಚಲು ಹೊರಟ ವಿಚಾರ

ಬಸ್ ನಿಲ್ದಾಣದ ಸುತ್ತ ಮಲಗುವವರಿಗೆ ರಾತ್ರಿ ಕಂಬಳಿ ಹಂಚಲು ಹತ್ತನೇ ತರಗತಿಯ ಮಗಳು ಗೆಳತಿಯರೊಂದಿಗೆ ಹೊರಟಿದ್ದಾಳೆ, ಕಳುಹಿಸಬಹುದೇ ಎಂದು ಕಳೆದ ತಿಂಗಳು ಕೇಳಿದ್ದೆ. ದೊಡ್ಡವರು ಜೊತೆಗಿರಲಿ, ಮೊದಲು ಮಾತನಾಡಿಸಲಿ ಎಂದು ಹಲವರು ಹೇಳಿದಿರಿ. ಹಾಗೆಯೇ ಮಾಡಿದೆವು.

ಐವರು ಮಕ್ಕಳು, ನಾವು ಮೂವರು ಪೋಷಕರು. ಸಂಜೆ ಏಳಕ್ಕೆ ಹೋಗಿ ಎಂಟೂವರೆಗೆ ಮರಳಿದೆವು. ಫೋಟೋ ತೆಗೆಯಬಾರದು ಎಂದು ಮಕ್ಕಳೇ ತೀರ್ಮಾನಿಸಿದ್ದರು. ಅದು ನನಗೆ ಬಹಳ ಹಿಡಿಸಿತು.

ಕಂಬಳಿ ಕೊಡಲು ಹೋದಾಗ ಒಬ್ಬ ಅಜ್ಜಿ, "ಕಂಬಳಿ ಇದೆ ಮಗಳೇ, ಪಿಂಚಣಿ ನಿಂತುಹೋಗಿದೆ" ಎಂದರು. ಮಗಳು ಅಲ್ಲೇ ಕುಳಿತು ಅವರ ಮಾತನ್ನೆಲ್ಲ ಬರೆದುಕೊಂಡಳು. ಮರುದಿನ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಏನೇನು ದಾಖಲೆ ಬೇಕೆಂದು ಕೇಳಿ ತಿಳಿದುಕೊಂಡೆವು. ಆಧಾರ್ ಕಾರ್ಡ್ ಅಜ್ಜಿಯ ಗಂಟಿನಲ್ಲೇ ಇತ್ತು. ಅರ್ಜಿ ಕೊಟ್ಟಿದ್ದೇವೆ, ಹಣ ಇನ್ನೂ ಬಂದಿಲ್ಲ.

ನಗರದ ಪ್ರತಿ 1 ಲಕ್ಷ ಜನಸಂಖ್ಯೆಗೆ ಮನೆಯಿಲ್ಲದ ಕನಿಷ್ಠ 100 ಮಂದಿ ತಂಗುವ ಆಶ್ರಯ ಇರಬೇಕೆಂದು, 2024ರವರೆಗೆ ನಡೆದ ಕೇಂದ್ರದ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಹೇಳಿತ್ತು. ಇದನ್ನು ಓದಿದ ಮಕ್ಕಳು ನಗರಾಡಳಿತಕ್ಕೆ ಮನವಿ ಬರೆಯುತ್ತಿದ್ದಾರೆ. ಬರುವ ಭಾನುವಾರ ಮತ್ತೆ ಹೋಗುತ್ತೇವೆ. ಅಜ್ಜಿಗೆ ಕಾಲುಚೀಲ ಬೇಕಂತೆ.