ಮೈಸೂರು ಲ್ಯಾನ್ಸರ್ಸ್ ಮೆಡಲ್ ಅಂತ ತೋರಿಸುತ್ತಿದ್ದಾರೆ, ಅಸಲಿಯಾ ನಕಲಿಯಾ ತಿಳಿಯೋದು ಹೇಗೆ?

ಹಲಸೂರು_ಕೆರೆದಂಡೆ:
ಎಲ್ಲರಿಗೂ ನಮಸ್ಕಾರ. ಹಳೇ ನಾಣ್ಯ ಕೂಡಿಡೋ ಹುಚ್ಚು ಮೊದಲಿಂದ ಇದೆ, ಮೆಡಲ್ ವಿಷಯಕ್ಕೆ ಹೊಸಬ. ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಒಬ್ಬರು ಬೆಳ್ಳಿ ಮೆಡಲ್ ತೋರಿಸಿದರು. ಒಂದು ಕಡೆ ಐದನೇ ಜಾರ್ಜ್ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಬೆತ್ತಲೆ ಸವಾರ, ಜೊತೆಗೆ 1914, 1918 ಅಂತ ಇಸವಿ. ಅಂಚಿನಲ್ಲಿ ಒಂದು ಹೆಸರು, ಮುಂದೆ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ಪಡೆ) ಅಂತ ಇಂಗ್ಲಿಷಿನಲ್ಲಿ ಇದೆ. ರಿಬ್ಬನ್ ಮೇಲೆ 'ಹೈಫಾ' ಅಂತ ಲೋಹದ ಪಟ್ಟಿ ಬೇರೆ. ಮನೆತನದವರಿಂದಲೇ ಬಂದಿದ್ದು ಅನ್ನುತ್ತಾರೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಮ್ಯಾಗ್ನೆಟ್ ಹಿಡಿದು ನೋಡಿದೆ, ಅಂಟಲಿಲ್ಲ. ಅಷ್ಟು ಸಾಕಾ?

ಅಂಚು_ಮೊದಲು:
ಹೈಫಾ ಪಟ್ಟಿ ಅಂದ್ರಲ್ಲ, ಅಲ್ಲೇ ನಿಲ್ಲಿಸಿ ಸರ್. ನೀವು ಹೇಳುತ್ತಿರೋದು ಬ್ರಿಟಿಷ್ ವಾರ್ ಮೆಡಲ್, ಮೊದಲ ಮಹಾಯುದ್ಧದಲ್ಲಿ ಸೇವೆ ಮಾಡಿದವರಿಗೆ ಕೊಟ್ಟಿದ್ದು. ಅದಕ್ಕೆ ಯುದ್ಧದ ಹೆಸರಿನ ಪಟ್ಟಿಗಳನ್ನು ಕೊಡಬೇಕು ಅಂತ ಯೋಚನೆ ಮಾಡಿದ್ದರು, ಖರ್ಚು ಜಾಸ್ತಿ ಅಂತ ಕೈಬಿಟ್ಟರು. ಹಾಗಾಗಿ ಅದರ ಮೇಲೆ ಹೈಫಾ ಇರಲಿ ಇನ್ನೊಂದಿರಲಿ, ಯಾವ ಪಟ್ಟಿಯೂ ಸರ್ಕಾರ ಕೊಟ್ಟಿದ್ದಲ್ಲ. 1918ರ ಸೆಪ್ಟೆಂಬರ್ 23ರಂದು ನಮ್ಮ ಲ್ಯಾನ್ಸರ್‌ಗಳು ಜೋಧಪುರದವರ ಜೊತೆ ಈಗಿನ ಇಸ್ರೇಲ್‌ನ ಹೈಫಾ ಊರನ್ನು ಗೆದ್ದಿದ್ದು ನಿಜ, ಜೆ.ಸಿ. ನಗರದಲ್ಲಿ ಸ್ಮಾರಕವೂ ಇದೆ. ಆ ಕಥೆ ಈಚೆಗೆ ಎಲ್ಲರಿಗೂ ಗೊತ್ತಾಗಿದೆ, ಮಾರೋರಿಗೂ ಗೊತ್ತಾಗಿದೆ.

ಆದರೆ ಮೆಡಲ್ಲೇ ನಕಲಿ ಅಂತ ಅಷ್ಟಕ್ಕೇ ಹೇಳೋಕಾಗಲ್ಲ. ಈ ಮೆಡಲನ್ನು ಲಕ್ಷಗಟ್ಟಲೆ ಜನಕ್ಕೆ ಕೊಟ್ಟಿದ್ದರು, ಅಸಲಿ ಸಿಗೋದು ಕಷ್ಟ ಏನಲ್ಲ. ಬೆಲೆ ಇರೋದು ಅಂಚಿನ ಹೆಸರಿಗೆ. ಯಾರದೋ ಬ್ರಿಟಿಷ್ ಸಿಪಾಯಿಯ ಅಸಲಿ ಮೆಡಲ್ ತಗೊಂಡು, ಅಂಚು ಉಜ್ಜಿ ಹೆಸರು ಅಳಿಸಿ, ಬೇಡಿಕೆ ಇರೋ ರೆಜಿಮೆಂಟ್ ಹೆಸರು ಹೊಡೆದರೆ ಮುಗೀತು. ಅಂಥದ್ದರಲ್ಲಿ ಬೆಳ್ಳಿಯೂ ಅಸಲಿ, ಅಚ್ಚೂ ಅಸಲಿ, ಹೆಸರು ಮಾತ್ರ ಸುಳ್ಳು. ಹಿಡಿಯೋದು ಹೀಗೆ. ಒಂದು ಕ್ಯಾಲಿಪರ್ ತಗೊಂಡು ಹೋಗಿ. ಇದರ ಅಗಲ 36 ಮಿ.ಮೀ. ಅಂಚು ಉಜ್ಜಿದ್ದರೆ ಅಳತೆ ಕಮ್ಮಿ ಬರುತ್ತದೆ, ನಾಲ್ಕು ಕಡೆ ಅಳೆದರೆ ನಾಲ್ಕು ತರ ಬರಬಹುದು, ಮುಖದ ಸುತ್ತ ಇರೋ ಏಣು ಒಂದು ಕಡೆ ತೆಳ್ಳಗಾಗಿರುತ್ತದೆ. ಆಮೇಲೆ ಭೂತಗನ್ನಡಿಯಲ್ಲಿ ಅಕ್ಷರ ನೋಡಿ. ಈ ಮೆಡಲ್ ಮೇಲಿನ ಹೆಸರು ಅಚ್ಚೊತ್ತಿದ್ದು, ಕೈಯಲ್ಲಿ ಕೊರೆದಿದ್ದಲ್ಲ. ರಾಜನ ಗಡ್ಡ, ಕುದುರೆಯ ಪಕ್ಕೆ ಎಲ್ಲಾ ಸವೆದು ಅಕ್ಷರ ಮಾತ್ರ ಹೊಸದಾಗಿ ಹೊಳೀತಿದ್ರೆ ಅನುಮಾನ ಪಡಿ.

ಇನ್ನೊಂದು, ಮೇಲಿನ ಕೊಂಡಿ ಬೆರಳಲ್ಲಿ ತಿರುಗಿಸಿ ನೋಡಿ. ಇದರದ್ದು ನೇರವಾದ ಕೊಂಡಿ, ತಿರುಗಬಾರದು.

ನಗರ್ತಪೇಟೆ_ತಕ್ಕಡಿ:
ಮ್ಯಾಗ್ನೆಟ್ ನಂಬಬೇಡಿ ಮಾರಾಯ್ರೆ. ಬೆಳ್ಳಿಗೂ ಅಂಟಲ್ಲ, ಹಿತ್ತಾಳೆಗೂ ಅಂಟಲ್ಲ, ಹೆಸರಿಗಷ್ಟೇ ಬೆಳ್ಳಿಯಾದ ಜರ್ಮನ್ ಸಿಲ್ವರ್‌ಗೂ ಅಂಟಲ್ಲ. ಕಬ್ಬಿಣಕ್ಕೆ ಬೆಳ್ಳಿ ನೀರು ಕೊಟ್ಟಿದ್ದರೆ ಮಾತ್ರ ಸಿಕ್ಕಿಬೀಳುತ್ತದೆ, ಅಷ್ಟು ದಡ್ಡ ನಕಲಿ ಈಗ ಯಾರು ಮಾಡ್ತಾರೆ? ಒರೆಗಲ್ಲಿಗೆ ಉಜ್ಜೋದಂತೂ ಬೇಡವೇ ಬೇಡ, ಮೆಡಲ್ ಹಾಳು. ನಮ್ಮದು ಬೆಳ್ಳಿ ವ್ಯಾಪಾರ, ನಾವು ಮಾಡೋದು ಹೇಳ್ತೀನಿ. ರಿಬ್ಬನ್ ಬಿಚ್ಚಿ ಮೊದಲು ಸುಮ್ನೆ ತೂಗಿ. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ, ಮೆಡಲನ್ನು ದಾರ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ, ತಳ ಮುಟ್ಟಬಾರದು. ಆಗ ತಕ್ಕಡಿ ತೋರಿಸೋ ಗ್ರಾಮಿನಿಂದ ಮೊದಲ ತೂಕವನ್ನು ಭಾಗಿಸಿ. ಸ್ಟರ್ಲಿಂಗ್ ಬೆಳ್ಳಿ ಆದರೆ 10.3ರ ಹತ್ತಿರ ಬರುತ್ತದೆ, ಹಿತ್ತಾಳೆ, ಜರ್ಮನ್ ಸಿಲ್ವರ್ ಎಲ್ಲಾ 9ರ ಕೆಳಗೆ. ಇಷ್ಟೆಲ್ಲಾ ಬೇಡ ಅಂದರೆ ಟಂಚ್ (ಶುದ್ಧತೆ ಪರೀಕ್ಷೆ) ಮಾಡೋ ಅಂಗಡಿಯಲ್ಲಿ ಮೆಷಿನ್ ಕೆಳಗೆ ಇಟ್ಟರೆ ಗೀರಿಲ್ಲದೆ ಗೊತ್ತಾಗುತ್ತದೆ.

ಎರಕದ ನಕಲಿ ಅಸಲಿ ಬೆಳ್ಳಿಯಲ್ಲೂ ಬರುತ್ತದೆ, ಅದು ನೆನಪಿರಲಿ. ಎರಕ ಆರಿದಾಗ ಲೋಹ ಕುಗ್ಗುತ್ತದೆ, ಹಾಗಾಗಿ ಅಸಲಿಗಿಂತ ಚೂರು ಚಿಕ್ಕದು. ಮೈಮೇಲೆ ಸೂಜಿಮೊನೆಯಂಥ ತೂತು, ಗುಳ್ಳೆ. ಅಚ್ಚಲ್ಲಿ ಹೊಡೆದಿದ್ದರ ಚೂಪು ಅದಕ್ಕೆ ಬರಲ್ಲ, ಅಕ್ಷರದ ಬುಡ ನೆನೆದ ಸೋಪಿನ ಹಾಗೆ ದುಂಡಗಿರುತ್ತದೆ.

ಬಸವನಗುಡಿ_ಬಿಸಿಲು:
ನೇರಳಾತೀತ (ಯುವಿ) ಬೆಳಕಿನ ಟಾರ್ಚ್ ಹಾಕಿ ರಿಬ್ಬನ್ ನೋಡಿ, ಸಾಕು. ಹೊಳೆದರೆ ಹೊಸ ದಾರ, ನಕಲಿ.

ಅಂಚು_ಮೊದಲು:
@ಬಸವನಗುಡಿ_ಬಿಸಿಲು ಅದು ಪೂರ್ತಿ ಸರಿಯಿಲ್ಲ ಸರ್. ಹಳೇ ರಿಬ್ಬನ್‌ ಅನ್ನು ಈಗಿನ ಸೋಪಿನ ಪುಡಿಯಲ್ಲಿ ಒಗೆದರೂ ಹೊಳೆಯುತ್ತದೆ. ಅಸಲಿ ಮೆಡಲ್‌ಗೂ ರಿಬ್ಬನ್ ಹರಿದಾಗ ಹೊಸದು ಹಾಕಿಸಿರುತ್ತಾರೆ. ರಿಬ್ಬನ್‌ನಿಂದ ರಿಬ್ಬನ್ ವಯಸ್ಸು ಗೊತ್ತಾಗುತ್ತದೆ, ಮೆಡಲ್‌ದಲ್ಲ.

ಹಲಸೂರು_ಕೆರೆದಂಡೆ:
ಮತ್ತೆ ಹೋಗಿ ನೋಡಿದೆ. ಕೊಂಡಿ ಗಟ್ಟಿಯಾಗಿದೆ, ತಿರುಗಲ್ಲ. ಅಗಲ ಒಂದು ಕಡೆ 36, ಹೆಸರಿರೋ ಕಡೆ ಅಳೆದರೆ 35.4. ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತದೆ, ಯುದ್ಧದಲ್ಲಿ ತೀರಿಕೊಂಡವರಂತೆ. ಅದೇ ಸ್ವಲ್ಪ ಆಸೆ ಹುಟ್ಟಿಸ್ತಿದೆ.

ಅಂಚು_ಮೊದಲು:
35.4 ಅಂದರೆ ಅಂಚು ಉಜ್ಜಿದ್ದಾರೆ, ಬಿಟ್ಟುಬಿಡಿ. ಹೆಸರು ಸಿಗೋದರಿಂದ ಆ ಮನುಷ್ಯ ಇದ್ದ ಅಂತ ಆಯಿತು, ಮೆಡಲ್ ಅವನದು ಅಂತ ಆಗಲ್ಲ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನವರ ಯುದ್ಧದಲ್ಲಿ ಸತ್ತವರ ಪಟ್ಟಿ ಎಲ್ಲರಿಗೂ ತೆರೆದಿದೆ, ಹೆಸರು ಹೊಡೆಯೋರೂ ಅಲ್ಲಿಂದಲೇ ಎತ್ತಬಹುದಲ್ವಾ? ಇದರ ಜೋಡಿ, ಅದೇ ಯುದ್ಧದ ವಿಕ್ಟರಿ ಮೆಡಲ್ ಕೇಳಿದ್ರಾ? ವಿಕ್ಟರಿ ಮೆಡಲ್ ಸಿಕ್ಕವರಿಗೆಲ್ಲಾ ಈ ಬೆಳ್ಳಿ ಮೆಡಲ್ಲೂ ಸಿಗುತ್ತಿತ್ತು. ರಣರಂಗದಲ್ಲಿ ಸತ್ತವನ ಮನೆಯಲ್ಲಿ ಎರಡೂ ಇರಬೇಕು. ನಮ್ಮ ಕಡೆ ಸಾಮಾನ್ಯವಾಗಿ ಉಳಿಯೋದು ಕಂಚಿನ ವಿಕ್ಟರಿ, ಬೆಳ್ಳಿಯದು ಅಕ್ಕಸಾಲಿಗನ ಮೂಸೆಗೆ ಹೋಗಿರುತ್ತದೆ. ಇಲ್ಲಿ ಉಲ್ಟಾ ಇದೆ.

ನಗರ್ತಪೇಟೆ_ತಕ್ಕಡಿ:
ಕಂಚು ಅಂದಿದ್ದಕ್ಕೆ ನೆನಪಾಯಿತು. ಇದೇ ವಾರ್ ಮೆಡಲ್ ಕಂಚಿನಲ್ಲಿ ಕಂಡರೆ ನಕಲಿ ಅಂತ ಎಸೆದುಬಿಡಬೇಡಿ. ಕೂಲಿ ಕೆಲಸದ ಪಡೆಯಾದ ಲೇಬರ್ ಕೋರ್‌ನ ಭಾರತೀಯರಿಗೆ ಕಂಚಿನದನ್ನೇ ಕೊಟ್ಟಿದ್ದರು. ಅದು ಸಿಗೋದೇ ಅಪರೂಪ.

ಹಲಸೂರು_ಕೆರೆದಂಡೆ:
ಸರಿ, ಬಿಟ್ಟೆ. ಅವರ ಹತ್ತಿರ ಟಿಪ್ಪು ಸೋತ 1799ರ ಶ್ರೀರಂಗಪಟ್ಟಣ ಯುದ್ಧದ ಮೆಡಲ್ಲೂ ಇದೆಯಂತೆ, ಸಿಂಹ ಹುಲಿಯನ್ನು ಕೆಡವಿರೋ ಚಿತ್ರದ್ದು. ಮೇಲೆ ನೇತುಹಾಕೋ ಬಳೆ ಇಲ್ಲ, ಹಾಗಾಗಿ ಕಮ್ಮಿ ರೇಟ್ ಅನ್ನುತ್ತಾರೆ.

ಅಂಚು_ಮೊದಲು:
ಬಳೆ ಇಲ್ಲದಿರೋದು ತಪ್ಪೇನಲ್ಲ. ಅದನ್ನು ಕೊಟ್ಟಿದ್ದೇ ಹಾಗೆ, ಬೇಕಾದವರು ಆಮೇಲೆ ತಾವೇ ಹಾಕಿಸಿಕೊಂಡರು. ಬರ್ಮಿಂಗ್‌ಹ್ಯಾಮ್‌ನ ಸೋಹೋ ಟಂಕಸಾಲೆಯದು 48 ಮಿ.ಮೀ., ಕಲ್ಕತ್ತದ್ದು 45. ಕಲ್ಕತ್ತದ್ದು ಚಿನ್ನ, ಬೆಳ್ಳಿ ಮಾತ್ರ, ಸಿಪಾಯಿಗಳ ತವರದ (ಟಿನ್) ಮೆಡಲ್ ಸೋಹೋದ್ದೇ. ತವರದ್ದು ಅಂತ 45ರ ಅಳತೆಯದನ್ನು ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಇದರ ಮೇಲೆ ಹೆಸರೂ ಇರಲ್ಲ, ಹಾಗಾಗಿ ಪೂರ್ತಿ ಅಚ್ಚನ್ನೇ ನೋಡಬೇಕು. ಎರಡೂ ಕಡೆ ಫೋಟೋ ತೆಗೆದು ಇಲ್ಲಿ ಹಾಕಿ, ಅಂಚಿನದ್ದೂ ಒಂದು. ನೂರು ವರ್ಷ ದಾಟಿದ್ದು 1972ರ ಪ್ರಾಚ್ಯವಸ್ತು ಕಾಯ್ದೆ ಕೆಳಗೆ ಬರಬಹುದು, ಆಮೇಲೆ ಹೊರದೇಶದವರಿಗೆ ಮಾರುವ ಯೋಚನೆ ಇದ್ದರೆ ಈಗಲೇ ಬಿಡಿ. ಮುಂಗಡ ಮಾತ್ರ ಕೊಡಬೇಡಿ.